ಕುಲುಮೆಯಲ್ಲೇ ನಿರ್ಧಾರವಾಗುವ ಬಾಳಿಕೆ

ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಎಲ್ಲೂ ನಿಲ್ಲದೆ ನಡೆಯಿತು. ಸ್ಥಾವರವಿರಲಿ, ಯುದ್ಧನೌಕೆಯಿರಲಿ, ಉಪಗ್ರಹವಿರಲಿ, ಒಳಗಿನ ಎಲೆಕ್ಟ್ರಾನಿಕ್ಸ್ ವರ್ಷಗಟ್ಟಲೆ ಕೈಕೊಡಬಾರದು. ಅಂಥ ಬಾಳಿಕೆ ಬೇಕಾದ ಕಡೆ ಎಂಜಿನಿಯರುಗಳು ದಶಕಗಳಿಂದ ನೆಚ್ಚಿರುವ ಬಿಡಿಭಾಗಗಳಲ್ಲಿ ಘನ ಟ್ಯಾಂಟಲಮ್ ಕೆಪ್ಯಾಸಿಟರ್ ಒಂದು. ಕೆಲವೇ ಮಿಲಿಮೀಟರ್ ಉದ್ದದ ಈ ವಸ್ತುವಿನ ಆಯುಷ್ಯ ಬಹುಪಾಲು ತಯಾರಾಗುವಾಗಲೇ ನಿರ್ಧಾರವಾಗಿರುತ್ತದೆ.

ಟ್ಯಾಂಟಲಮ್ ಲೋಹದ ಪುಡಿಯನ್ನು ತಂತಿಯೊಂದರ ಸುತ್ತ ಒತ್ತಿ, ನಿರ್ವಾತ ಕುಲುಮೆಯಲ್ಲಿ 1,200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಕಾಯಿಸುತ್ತಾರೆ. ಕಣಗಳು ಕರಗದೆ ಪರಸ್ಪರ ಬೆಸೆದುಕೊಂಡು ಸ್ಪಂಜಿನಂಥ ಬಿಲ್ಲೆಯಾಗುತ್ತವೆ. ಪುಡಿ ನುಣ್ಣಗಿದ್ದಷ್ಟೂ ಒಳಮೈ ವಿಸ್ತಾರ ಹೆಚ್ಚು, ವಿದ್ಯುದಾವೇಶ ಹಿಡಿಯುವ ಶಕ್ತಿಯೂ ಹೆಚ್ಚು. ಶಾಖ ಅತಿಯಾದರೆ ರಂಧ್ರಗಳು ಮುಚ್ಚಿ ಆ ಲಾಭ ಕೈತಪ್ಪುತ್ತದೆ.

ಬಳಿಕ ಬಿಲ್ಲೆಯನ್ನು ದುರ್ಬಲ ಆಮ್ಲದಲ್ಲಿಟ್ಟು ವೋಲ್ಟೇಜ್ ಏರಿಸಿದಾಗ ಒಳಹೊರಗೆಲ್ಲ ಆಕ್ಸೈಡ್ ಪದರ ಬೆಳೆಯುತ್ತದೆ. ಪ್ರತಿ ವೋಲ್ಟ್‌ಗೆ ಸುಮಾರು 2 ನ್ಯಾನೋಮೀಟರ್ ದಪ್ಪ. ವಿದ್ಯುತ್ತನ್ನು ತಡೆದು ನಿಲ್ಲಿಸುವುದು ಇದೇ. ಪುಡಿಯಲ್ಲಿ ಆಮ್ಲಜನಕ, ಇಂಗಾಲಗಳ ಕಲ್ಮಶ ಹೆಚ್ಚಿದ್ದರೆ ಪದರದಲ್ಲಿ ಹರಳುಗಳು ಮೊಳೆತು, ಬಿರುಕಿಗೂ ವಿದ್ಯುತ್ ಸೋರಿಕೆಗೂ ದಾರಿಯಾಗುತ್ತದೆ.

ಮುಂದೆ ಮ್ಯಾಂಗನೀಸ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಕಾಯಿಸುವುದು, ಮತ್ತೆ ಅದ್ದುವುದು. ರಂಧ್ರಗಳೊಳಗೆ ಮ್ಯಾಂಗನೀಸ್ ಡೈಆಕ್ಸೈಡ್ ತುಂಬುತ್ತದೆ. ತುಂಬುವಿಕೆ ಅರೆಬರೆಯಾದರೆ ಸಾಮರ್ಥ್ಯ ತಗ್ಗುತ್ತದೆ. ಈ ಪದಾರ್ಥಕ್ಕೆ ಒಂದು ದೊಡ್ಡ ಗುಣವಿದೆ: ಆಕ್ಸೈಡ್ ಪದರದಲ್ಲಿ ಸಣ್ಣ ದೋಷವಿರುವಲ್ಲಿ ಬಿಸಿಯೇರಿ, ಹೆಚ್ಚು ರೋಧವುಳ್ಳ ರೂಪಕ್ಕೆ ತಿರುಗಿ, ಸೋರಿಕೆಯನ್ನು ತಾನೇ ಕಟ್ಟಿಹಾಕುತ್ತದೆ. ಆದರೆ ಕರೆಂಟ್ ಒಮ್ಮೆಲೇ ನುಗ್ಗಿದರೆ, ಹೊರಬಿದ್ದ ಆಮ್ಲಜನಕದಲ್ಲಿ ಟ್ಯಾಂಟಲಮ್ ಹೊತ್ತಿ ಉರಿಯಬಲ್ಲದು. ಮ್ಯಾಂಗನೀಸ್ ಡೈಆಕ್ಸೈಡ್ ಬದಲು ವಿದ್ಯುದ್ವಾಹಕ ಪಾಲಿಮರ್ ತುಂಬಿದರೆ ರೋಧ ಕಡಿಮೆ, ಬೆಂಕಿಯ ಭಯವೂ ಕಡಿಮೆ. ಪಾಲಿಮರ್‌ಗೆ ತೇವ ಮಾತ್ರ ಆಗಿಬರುವುದಿಲ್ಲ.

ಕಾರವಾರ, ಅಂಕೋಲೆಗಳಲ್ಲಿ ಆ ತೇವಕ್ಕೆ ಬರವಿಲ್ಲ. ಕೆಪ್ಯಾಸಿಟರಿನ ರಾಳದ ಕವಚ ಮಳೆಗಾಲದ ಗಾಳಿಯಿಂದ ತೇವ ಹೀರಿಕೊಂಡಿದ್ದರೆ, ಬೆಸುಗೆಯ ಬಿಸಿಗೆ ಅದು ಆವಿಯಾಗಿ ಕವಚವನ್ನು ಒಳಗಿಂದಲೇ ಸೀಳಬಹುದು. ಆಕ್ಸೈಡ್ ಪದರಕ್ಕೂ ಪೆಟ್ಟು ಬೀಳಬಹುದು. ಹೀಗಾಗಿ ಕರಾವಳಿಯ ರಿಪೇರಿ ಅಂಗಡಿಗಳಲ್ಲಿ ಇವನ್ನು ಒಣ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡಬೇಕು. ಬೆಸುಗೆ ಹಾಕುವಾಗ ಇನ್ನೊಂದು ಎಚ್ಚರ: ಕವಚದ ಮೇಲಿನ ಪಟ್ಟಿ ಧನ ತುದಿಯನ್ನು ತೋರಿಸುತ್ತದೆ, ಅಲ್ಯೂಮಿನಿಯಮ್ ಕೆಪ್ಯಾಸಿಟರಿನಲ್ಲಿರುವಂತೆ ಋಣ ತುದಿಯನ್ನಲ್ಲ. ಮ್ಯಾಂಗನೀಸ್ ಬಗೆಯದಾದರೆ ಅದರ ಮೇಲೆ ನಮೂದಿಸಿದ ವೋಲ್ಟೇಜಿನ ಅರ್ಧದಷ್ಟನ್ನೇ ಕೊಡುವುದು ಒಳ್ಳೆಯ ರೂಢಿ.

ಕಾರ್ಖಾನೆಯ ಕೊನೆಯ ಪರೀಕ್ಷೆ ಕೆಟ್ಟ ಕೆಪ್ಯಾಸಿಟರನ್ನು ಬೇರ್ಪಡಿಸೀತೇ ಹೊರತು ಒಳ್ಳೆಯದನ್ನಾಗಿ ಮಾಡಲಾರದು. ಬಿಡಿಭಾಗಗಳನ್ನು ನಾವೇ ತಯಾರಿಸುತ್ತೇವೆಂದು ದೇಶ ಹೊರಟಿರುವಾಗ, ಪುಡಿಯ ಶುದ್ಧಿಗೂ ಕುಲುಮೆಯ ಹದಕ್ಕೂ ಮೊದಲ ಗಮನ ಸಲ್ಲಬೇಕು.