ಯುದ್ಧದ ಮೊದಲ ವರ್ಷಗಳು: ಸಿಪಾಯಿಗೂ ರೈತನಿಗೂ

ಯುದ್ಧವೆಂಬುದು ರಣರಂಗದಲ್ಲಿ ನಿಂತವರ ಪಾಡೆಂದು ನಾವು ಎಣಿಸುವುದುಂಟು. ಎರಡನೆಯ ಮಹಾಯುದ್ಧದ ಆದಿಭಾಗವನ್ನು ಪರಿಶೀಲಿಸಿದರೆ ಈ ಎಣಿಕೆ ನಿಲ್ಲದು.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಜನಪ್ರತಿನಿಧಿಗಳನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಮೈಸೂರು ಸಂಸ್ಥಾನವೂ ಪಡೆಯನ್ನು ಕಳುಹಿತು. ಅದರ ಕಾಲ್ದಳದ ಪಟಾಲಮೊಂದು ಸಿಂಗಪುರದ ರಕ್ಷಣೆಯಲ್ಲಿತ್ತು. 1942ರ ಫೆಬ್ರವರಿ 15ರಂದು ಆ ದುರ್ಗವು ಜಪಾನೀಯರಿಗೆ ಶರಣಾದಾಗ ಪಟಾಲಮೂ ಸೆರೆಯಾಯಿತು. ಯುದ್ಧವು ಮುಗಿದ 1945ರವರೆಗೂ ಅನೇಕ ಮನೆಗಳಿಗೆ ಉಳಿದದ್ದು ಕಾಯುವುದೊಂದೇ.

ಊರಿನಲ್ಲಿದ್ದವರನ್ನು ಯುದ್ಧವು ಬೇರೊಂದು ದಾರಿಯಿಂದ ಮುಟ್ಟಿತು. 1942ರ ಮಾರ್ಚಿಯಲ್ಲಿ ರಂಗೂನು ಬಿದ್ದಿತು. ಬರ್ಮಾದ ಅಕ್ಕಿಯೂ ಸೀಮೆಯೆಣ್ಣೆಯೂ ಬಾರದಾದುವು. ಕೊರಟಗೆರೆ ಸೀಮೆಯ ಗೊರವನಹಳ್ಳಿಯಂತಹ ಊರಿಗೆ ರಾಗಿಯೇ ಆಹಾರವಲ್ಲವೆ, ಬರ್ಮಾದ ಅಕ್ಕಿಯಿಂದ ಅದಕ್ಕೇನು ಎಂದು ಕೇಳಬಹುದು. ಅಕ್ಕಿ ದೊರೆಯದ ಪಟ್ಟಣವು ರಾಗಿಗೆ ಕೈಚಾಚುತ್ತದೆ. ರಾಗಿಯ ಬೆಲೆಯೂ ಏರುತ್ತದೆ. ಕಣಜವುಳ್ಳವನಿಗೆ ಅದು ಲಾಭ. ಕೊಂಡು ಉಣ್ಣುವ ಕೂಲಿಯವನಿಗೆ ಅರೆಹೊಟ್ಟೆ. ಪಡಿಯ ಅಳತೆಯೂ ಬೆಲೆಯ ಕಟ್ಟೂ ಬೇಕಾದುದು ಈ ಕಾರಣದಿಂದಲೇ.

ಆದುದರಿಂದ ಯುದ್ಧದ ಲೆಕ್ಕವನ್ನು ತಿಳಿಯಬೇಕೆನ್ನುವವರು ರಣರಂಗದೊಡನೆ ಹಳ್ಳಿಯ ಕಣಜವನ್ನೂ ಕೂಲಿಯವನ ಗಡಿಗೆಯನ್ನೂ ನೋಡತಕ್ಕದ್ದು.