ಬಾಲ ಕಚ್ಚಿ ಓಡುವ ಮೀನು: ಟ್ರೇಲರ್ ಹುಕ್ ಯಾವಾಗ ಬೇಕು, ಯಾವಾಗ ಬೇಡ?

ಕುವೈತ್‌ನಿಂದ ಮಾತಾಡ್ತಿದ್ದೇನೆ. ವೃತ್ತಿಯಲ್ಲಿ ನಾನು ಜೀವಶಾಸ್ತ್ರದ ಸಂಶೋಧಕ. ಶುಕ್ರವಾರ ಬಂದರೆ ಗಾಳ ಹಿಡಿದು ಸಮುದ್ರದ ಕಡೆ ಹೊರಡುವ ಚಟವೂ ಇದೆ.

ಅಮೆರಿಕದಲ್ಲಿರುವ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. "ಇಲ್ಲಿ ಬ್ಯಾಸ್ ಮೀನು ಹಿಡಿಯೋರು ಲ್ಯೂರ್‌ನ ಹುಕ್ಕಿಗೆ ಹಿಂದಿನಿಂದ ಇನ್ನೊಂದು ದಪ್ಪ ಹುಕ್ ಸಿಕ್ಕಿಸ್ತಾರೆ, ಟ್ರೇಲರ್ ಹುಕ್ ಅಂತಾರೆ. ಅದರಿಂದ ನಿಜವಾಗಿ ಉಪಯೋಗ ಇದೆಯಾ?" ಅಂತ. ಕುವೈತ್‌ನಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ, ಹಾಗಾಗಿ ಸಿಹಿನೀರಿನ ಬ್ಯಾಸ್ ಇಲ್ಲಿ ಸಿಗುವುದಿಲ್ಲ. ಆದರೆ ಇದೇ ಪ್ರಶ್ನೆ ನನಗೆ ಇಲ್ಲಿನ ಕಡಲಲ್ಲಿ ಎದುರಾಗಿತ್ತು. ಅಲ್ಲಿಂದಲೇ ಶುರು ಮಾಡ್ತೀನಿ.

ಒಂದು ಸೆಪ್ಟೆಂಬರ್ ಬೆಳಗ್ಗೆ ಫಹಾಹೀಲ್ ಕಡೆಯಿಂದ ಸಣ್ಣ ಬೋಟ್‌ನಲ್ಲಿ ಹೊರಟಿದ್ದೆವು. ಜೊತೆಗಿದ್ದವರು ಮಲ್ಪೆಯ ಗೆಳೆಯರು. ಮೀನುಗಾರರ ಮನೆತನ, ಇಲ್ಲಿ ಮೆಕ್ಯಾನಿಕ್ ಕೆಲಸ. ಬೂತಾಯಿ ಮೀನಿನ ತಲೆಗೆ ಒಂದು ಹುಕ್ ಚುಚ್ಚಿ ಬೋಟ್‌ನ ಹಿಂದೆ ಎಳೀತಿದ್ದೆವು. ದಾರ ಜಗ್ಗಿತು, ತಕ್ಷಣ ಸಡಿಲವಾಯಿತು. ಎಳೆದು ನೋಡಿದರೆ ಬೂತಾಯಿಯ ಹಿಂದಿನ ಅರ್ಧ ಇಲ್ಲ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರ ಗಾಯ. ಮೂರು ಸಲ ಹೀಗೇ ಆಯಿತು.

"ಡಾಕ್ಟ್ರೇ, ಇದು ಅಂಜಲ್ ಮಾರಾಯ್ರೆ. ಅದು ಬಾಲ ತಿನ್ನುವಾಗ ನೀವು ತಲೆಯಲ್ಲಿ ಗಾಳ ಇಟ್ಟು ಕೂತ್ರೆ ಎಂತ ಸಿಗ್ತದೆ?" ಅಂದರು ಗೆಳೆಯರು. ಮೊದಲ ಹುಕ್ಕಿನಿಂದ ಗೇಣುದ್ದಕ್ಕಿಂತ ಕಡಿಮೆ ಉಕ್ಕಿನ ತಂತಿ ಕಟ್ಟಿ, ಎರಡನೇ ಹುಕ್ಕನ್ನು ಬಾಲದ ಹತ್ತಿರ ಚುಚ್ಚಿದರು. ಮುಂದಿನ ಹೊಡೆತಕ್ಕೆ ಮೀನು ಬೋಟ್ ಒಳಗಿತ್ತು, ಹಿಂದಿನ ಹುಕ್ಕಿನಲ್ಲೇ.

ಈಗ ವಿಜ್ಞಾನಕ್ಕೆ ಬರೋಣ. ಅಂಜಲ್ ವೇಗವಾಗಿ ಈಜಿ ಬೇಟೆಯಾಡುವ ಮೀನು. ಅದರ ಹಲ್ಲುಗಳು ಚಪ್ಪಟೆ, ತ್ರಿಕೋನ, ಚಾಕುವಿನಷ್ಟು ಹರಿತ. ಹಿಂದಿನಿಂದ ಬಂದು ಬಾಲ ಕತ್ತರಿಸಿದರೆ ಬೇಟೆ ಓಡಲಾರದು, ಆಮೇಲೆ ನಿಧಾನವಾಗಿ ನುಂಗಬಹುದು. ಅದರ ಕಡೆಯಿಂದ ನೋಡಿದರೆ ಗುರಿ ತಪ್ಪಿಯೇ ಇಲ್ಲ, ನಮ್ಮ ಹುಕ್ ಇದ್ದ ಜಾಗ ತಪ್ಪು. ನೈಲಾನ್ ದಾರವನ್ನೂ ಅದು ಕಡಿಯುತ್ತೆ, ಅದಕ್ಕೇ ಉಕ್ಕಿನ ತಂತಿ.

ಬ್ಯಾಸ್ ಕಥೆ ಬೇರೆ. ಅದು ಕಡಿಯುವ ಮೀನಲ್ಲ, ಹೀರುವ ಮೀನು. ಕುವೈತ್‌ನ ಮೀನು ಮಾರುಕಟ್ಟೆಯಲ್ಲಿ ಎಲ್ಲರೂ ಕೇಳುವ ಹಮೂರ್ ಕೂಡ ಹಾಗೇ. ಬಾಯಿಯ ಒಳಗಿನ ಜಾಗವನ್ನು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಹಿಗ್ಗಿಸುತ್ತೆ. ಒಳಗೆ ಒತ್ತಡ ಇಳಿಯುತ್ತೆ, ಹೊರಗಿನ ನೀರು ಬೇಟೆಯ ಸಮೇತ ಒಳಗೆ ನುಗ್ಗುತ್ತೆ. ಆದರೆ ಈ ಹೀರುವಿಕೆಗೆ ಒಂದು ಮಿತಿ ಇದೆ. ಬಾಯಿ ಎಷ್ಟು ಅಗಲ ತೆರೆಯುತ್ತದೋ ಹೆಚ್ಚುಕಡಿಮೆ ಅಷ್ಟು ದೂರದವರೆಗೆ ಮಾತ್ರ ಅದು ಜೋರಾಗಿ ಕೆಲಸ ಮಾಡುತ್ತೆ, ಅದರಾಚೆ ತಟ್ಟನೆ ಕುಸಿಯುತ್ತೆ. ಲ್ಯೂರ್ ಮುಂದಕ್ಕೆ ಓಡ್ತಾ ಇದ್ದರೆ ಮೀನಿನ ಬಾಯಿಗೆ ಬರುವುದು ಹಿಂದಿನ ರಬ್ಬರ್ ಎಳೆಗಳು ಮಾತ್ರ, ಹುಕ್ ಮುಂದೆಯೇ ಉಳಿಯುತ್ತೆ. ಕೈಗೆ ಒಂದು ತಟ್ಟು ಗೊತ್ತಾಗುತ್ತೆ, ಅಷ್ಟೇ. ಟ್ರೇಲರ್ ಹುಕ್ ಮಾಡುವ ಕೆಲಸ ಇಷ್ಟು: ಮುಳ್ಳಿನ ತುದಿಯನ್ನು ಎರಡು-ಮೂರು ಸೆಂಟಿಮೀಟರ್ ಹಿಂದಕ್ಕೆ, ಆ ಹೀರುವ ವಲಯದ ಒಳಗೆ ತರುವುದು.

ಹಾಗಾದರೆ ಯಾವ ಹುಕ್ ಆರಿಸಬೇಕು? ಮೊದಲು ನೋಡಬೇಕಾದ್ದು ಕಣ್ಣು, ಅಂದರೆ ದಾರ ಪೋಣಿಸುವ ರಂಧ್ರ. ಮುಖ್ಯ ಹುಕ್ಕಿನ ತುದಿ ಮತ್ತು ಅದರ ಹಿಮ್ಮುಳ್ಳು ಎರಡೂ ಆ ಕಣ್ಣಿನೊಳಗೆ ತೂರಬೇಕು. ಮಾಮೂಲಿ ಹುಕ್ಕಿನ ಕಣ್ಣು ಸಾಲದು. ಗಾತ್ರದಲ್ಲಿ ಮುಖ್ಯ ಹುಕ್ಕಿಗೆ ಸಮ ಅಥವಾ ಒಂದು ಅಂಕ ಚಿಕ್ಕದು ಸಾಕು. ಮುಖ್ಯ ಹುಕ್ 4/0 ಆದರೆ ಟ್ರೇಲರ್ 3/0. ಇಲ್ಲಿ ಅಂಕೆಗಳು ಗೊಂದಲ ಮಾಡುತ್ತವೆ: 6, 4, 2, 1 ಅಂತ ಇಳಿದಷ್ಟೂ ಹುಕ್ ದೊಡ್ಡದಾಗುತ್ತೆ, ಆಮೇಲೆ 1/0, 2/0, 3/0 ಅಂತ ಏರಿದಷ್ಟೂ ದೊಡ್ಡದು.

ಎರಡನೆಯದು ತಂತಿಯ ದಪ್ಪ. 'ಹೆವಿ ಡ್ಯೂಟಿ' ಅಂದರೆ ಮುಖ್ಯವಾಗಿ ಇದೇ. ದುಂಡು ತಂತಿಯನ್ನು ಬಾಗಿಸಲು ಬೇಕಾದ ಬಲ ಅದರ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತೆ. ಅದೇ ಉಕ್ಕಿನ ತಂತಿ ಶೇ. 20ರಷ್ಟು ದಪ್ಪವಾದರೆ ಹುಕ್ ಬಿಚ್ಚಿಕೊಳ್ಳದಂತೆ ತಡೆಯುವ ಶಕ್ತಿ ಸುಮಾರು 1.7 ಪಟ್ಟು. ಆದರೆ ಪುಕ್ಕಟೆ ಏನೂ ಸಿಗಲ್ಲ ನೋಡಿ. ದಪ್ಪ ತಂತಿ ಮೀನಿನ ಬಾಯಿಗೆ ಇಳಿಯಲು ಜಾಸ್ತಿ ಎಳೆತ ಬೇಕು. ಗಟ್ಟಿ ಕೋಲು, ಹಿಗ್ಗದ ಹೆಣೆದ ದಾರ ಇದ್ದರೆ ದಪ್ಪ ಹುಕ್ ಸರಿ. ಬಳುಕುವ ಕೋಲು, ತೆಳು ನೈಲಾನ್ ಇದ್ದರೆ ತೆಳು ತಂತಿಯೇ ವಾಸಿ.

ಸಿಕ್ಕಿಸುವ ವಿಧಾನ ಸುಲಭ. ಟ್ರೇಲರ್ ಹುಕ್ಕಿನ ಕಣ್ಣಿನ ಮೇಲೆ ಸಣ್ಣ ರಬ್ಬರ್ ಕೊಳವೆಯ ತುಂಡು ಹಾಕಿ. ಮುಖ್ಯ ಹುಕ್ಕಿನ ತುದಿಯಿಂದ ಆ ರಬ್ಬರನ್ನು ಚುಚ್ಚಿ, ಕಣ್ಣಿನೊಳಗಿಂದ ದಾಟಿಸಿ ಬಾಗಿನವರೆಗೆ ಜಾರಿಸಿ. ರಬ್ಬರ್ ಇಲ್ಲದಿದ್ದರೆ ಎರಡನೇ ಹುಕ್ ಮೀನಿನ ಒಂದೇ ಕೊಸರಾಟಕ್ಕೆ ಕಳಚಿ ಹೋಗುತ್ತೆ. ಜೊಂಡು, ಬಂಡೆ ಇರುವ ಕಡೆ ಎರಡರ ತುದಿಯೂ ಮೇಲ್ಮುಖವಾಗಿರಲಿ. ಏನೂ ಸಿಕ್ಕಿಕೊಳ್ಳದ ಬಯಲು ನೀರಲ್ಲಿ ಹಿಂದಿನದನ್ನು ಕೆಳಮುಖ ಮಾಡಬಹುದು.

ಉಪ್ಪುನೀರಿನವರಿಗೆ ಇನ್ನೊಂದು ಮಾತು. ಸಾಗರಗಳ ಸರಾಸರಿ ಉಪ್ಪು ಕೆ.ಜಿ. ನೀರಿಗೆ ಸುಮಾರು 35 ಗ್ರಾಂ, ಇಲ್ಲಿ ಅದು 40ರ ಆಸುಪಾಸು. ಸ್ಟೇನ್‌ಲೆಸ್ ಹುಕ್ಕಿಗೆ ಮಾಮೂಲಿ ಕಾರ್ಬನ್ ಉಕ್ಕಿನ ಟ್ರೇಲರ್ ತಾಗಿಸಿಟ್ಟರೆ ಎರಡು ಲೋಹ ಮತ್ತು ಉಪ್ಪುನೀರು ಸೇರಿ ಒಂದು ಪುಟ್ಟ ಬ್ಯಾಟರಿಯೇ ಆಗುತ್ತೆ, ಕಾರ್ಬನ್ ಉಕ್ಕು ಬೇಗ ತುಕ್ಕು ಹಿಡಿಯುತ್ತೆ. ಎರಡೂ ಒಂದೇ ಲೋಹದ್ದಿರಲಿ. ಮನೆಗೆ ಬಂದ ಮೇಲೆ ಬಿಚ್ಚಿ, ಸಿಹಿನೀರಲ್ಲಿ ತೊಳೆದು ಒಣಗಿಸಿ.

ಇಷ್ಟು ಕೇಳಿದರೆ ಟ್ರೇಲರ್ ಹುಕ್ ಯಾವಾಗಲೂ ಒಳ್ಳೆಯದೇ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅಂಜಲ್ ಸಿಕ್ಕ ಖುಷಿಯಲ್ಲಿ ಎಲ್ಲ ಲ್ಯೂರ್‌ಗೂ ಎರಡನೇ ಹುಕ್ ಹಾಕಿಟ್ಟೆ. ಮುಂದಿನ ವರ್ಷ ಆಗಸ್ಟ್‌ನಲ್ಲಿ ಬಂಡೆಗಳ ಹತ್ತಿರ ಒಂದು ಮರಿ ಹಮೂರ್ ಬಂತು, ಅಂಗೈಗಿಂತ ಸ್ವಲ್ಪ ಉದ್ದ. ಹೀರುವ ಮೀನಲ್ವಾ, ಲ್ಯೂರ್ ಪೂರ್ತಿ ಒಳಗೆ ಹೋಗಿತ್ತು. ಮುಂದಿನ ಹುಕ್ ದವಡೆಯಲ್ಲಿ, ಹಿಂದಿನದು ಕಿವಿರಿನಲ್ಲಿ. ಇಕ್ಕಳ ಹಿಡಿದು ಒದ್ದಾಡಿದೆ. ನೀರಿಗೆ ಬಿಟ್ಟಾಗ ಅದು ಮಗುಚಿ ತೇಲಿತು. ಮೀನಿನ ಬಗ್ಗೆ ಓದಿಕೊಂಡ ನಾನು, ಮೀನು ತಪ್ಪಿಸಿಕೊಳ್ಳುತ್ತಲೇ ಇಲ್ಲದ ಜಾಗದಲ್ಲಿ ಎರಡನೇ ಹುಕ್ ಹಾಕಿದ್ದೆ.

ಅದು ಬರೀ ಒಂದು ಮರಿಯ ಲೆಕ್ಕ ಅಲ್ಲ. ಹಮೂರ್ ಹೆಣ್ಣಾಗಿ ಬೆಳೆದು ಮೊಟ್ಟೆ ಇಡುತ್ತೆ, ದೊಡ್ಡದಾದ ಮೇಲೆ ಕೆಲವು ಗಂಡಾಗಿ ಬದಲಾಗುತ್ತವೆ. ಚಿಕ್ಕದರಲ್ಲೇ ಸತ್ತ ಮೀನು ಮುಂದಿನ ಹೆಣ್ಣೂ ಹೌದು, ಮುಂದಿನ ಗಂಡೂ ಆಗಬಹುದಿತ್ತು. ಜೊತೆಗೆ ಬಿಸಿಲು. 2020ರ ಜುಲೈ 30ರಂದು ಕುವೈತ್ ಕೊಲ್ಲಿಯಲ್ಲಿ ಸಮುದ್ರದ ಮೇಲ್ಮೈ ತಾಪಮಾನ 37.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಾಮಾನ್ಯ ಸಮುದ್ರದ ನೀರಲ್ಲಿ 20 ಡಿಗ್ರಿಗೆ ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಗೆ 6.2ರಷ್ಟೇ. ಅದೇ ಹೊತ್ತಿಗೆ ಬೆಚ್ಚಗಿನ ನೀರಲ್ಲಿ ಮೀನಿನ ದೇಹಕ್ಕೆ ಬೇಕಾದ ಆಮ್ಲಜನಕ ಹೆಚ್ಚು. ಎರಡು ಹುಕ್ ಬಿಡಿಸುವಷ್ಟು ಹೊತ್ತು ಅದನ್ನು ಗಾಳಿಯಲ್ಲಿ ಹಿಡಿದುಕೊಂಡರೆ ಬದುಕುವ ಅವಕಾಶ ಕಮ್ಮಿಯಾಗುತ್ತೆ.

ಆ ಸಂಜೆ ಗೆಳೆಯರು ಬೈಯಲಿಲ್ಲ. "ಊರಲ್ಲಿ ಜೂನ್ ಒಂದರಿಂದ ಜುಲೈ 31ರವರೆಗೆ ದೊಡ್ಡ ಬೋಟ್ ಕಡಲಿಗೆ ಇಳಿಯುದಿಲ್ಲ ಡಾಕ್ಟ್ರೇ. ಮೀನಿಗೂ ಸ್ವಲ್ಪ ಪುರುಸೊತ್ತು ಬೇಕಲ್ಲ" ಅಂದರು ಅಷ್ಟೇ.

ಅಂದಿನಿಂದ ನಾನು ಪಾಲಿಸುವುದು ಇಷ್ಟು. ಶುರುವಿಗೆ ಒಂದೇ ಹುಕ್. ಮೂರು ಸಲ ತಟ್ಟು ಸಿಕ್ಕಿ ಮೀನು ಸಿಗದಿದ್ದರೆ ಮೊದಲು ಎಳೆಯುವ ವೇಗ ಇಳಿಸಿ, ಲ್ಯೂರ್ ಚಿಕ್ಕದು ಮಾಡಿ ನೋಡ್ತೀನಿ. ಆಗಲೂ ತಪ್ಪಿಸಿಕೊಂಡರೆ ಮಾತ್ರ ಟ್ರೇಲರ್, ಅದೂ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮರಿಮೀನು ಬರತೊಡಗಿದರೆ ತಕ್ಷಣ ತೆಗೆದುಬಿಡ್ತೀನಿ. ಬೇಸಿಗೆಯ ತುದಿಯಲ್ಲಿ, ಹಿಡಿದು ಬಿಡುವ ಮೀನಿಗೆ, ಟ್ರೇಲರ್ ಬೇಡವೇ ಬೇಡ.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಉಪಯೋಗ ಖಂಡಿತ ಇದೆ. ಆದರೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಕೆರೆಯ ಮೀನು ಲ್ಯೂರ್‌ನ ಯಾವ ಭಾಗ ಕಚ್ಚುತ್ತೆ ಅಂತ ನೋಡಿ. ಹರಿದ ಬಾಲ, ಕಿತ್ತ ರಬ್ಬರ್ ಎಳೆ ಅದನ್ನು ಹೇಳುತ್ತವೆ. ಬಿಡುವಾದಾಗ ನಿಮ್ಮ ಕಡೆಯ ಅನುಭವ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.