ಹೊಲ ಸೇರುವ ಮೊದಲೇ ಮೈ ಸೇರುವ ವಿಷ

ಕೀಟನಾಶಕದ ದುರಂತ ಎಂದೊಡನೆ ನಮಗೆ ನೆನಪಾಗುವುದು ದಕ್ಷಿಣ ಕನ್ನಡದ ಕೊಕ್ಕಡ, ಕಾಸರಗೋಡಿನ ಪಡ್ರೆ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್ ಸುರಿದ ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ ತಡೆ ಬಿದ್ದದ್ದು 2011ರಲ್ಲಿ. ಇಂಥ ಔಷಧಿಯನ್ನು ಬೆರೆಸಿ ಡಬ್ಬಿಗೆ ತುಂಬುವವರ ಪಾಡು ಮಾತ್ರ ಅಷ್ಟಾಗಿ ಸುದ್ದಿಯಾಗಲಿಲ್ಲ.

ಬೆಂಗಳೂರಿನ ನಾಗಸಂದ್ರದ ಬಾಡಿಗೆ ಮನೆಗಳಿಂದ ಪೀಣ್ಯದ ಶೆಡ್ಡುಗಳಿಗೆ ಶಿಫ್ಟಿಗೆ ಹೋಗುವವರಲ್ಲಿ ಲೇತ್, ಪ್ಲೇಟಿಂಗ್, ಗಾರ್ಮೆಂಟ್ಸ್‌ನವರ ಜೊತೆ ಕೆಮಿಕಲ್ ಘಟಕದವರೂ ಇದ್ದಾರೆ. ರೈತ ಒಂದು ಲೀಟರ್ ನೀರಿಗೆ ಎರಡು ಮಿಲಿ ಹಾಕುವ ಔಷಧಿ ಇಂಥ ಕಾರ್ಖಾನೆಗೆ ಬರುವುದು ಡ್ರಮ್ಮುಗಟ್ಟಲೆ, ಇನ್ನೂ ಗಟ್ಟಿಯಾಗಿ. ಮಾಸ್ಕ್ ಒಂದೇ ಸಾಲದು. ಚರ್ಮದ ಮೂಲಕವೂ ಅದು ಒಳಗಿಳಿಯುತ್ತದೆ.

ಕ್ಲೋರ್‌ಪೈರಿಫಾಸ್‌ನಂಥ ರಂಜಕಯುಕ್ತ ಕೀಟನಾಶಕಗಳು ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ನರ ಕೊಟ್ಟ ಸೂಚನೆಯನ್ನು ಅಳಿಸುವುದೇ ಅದರ ಕೆಲಸ. ಅದು ನಿಂತರೆ ಬೆವರು, ಜೊಲ್ಲು, ಮಂಜುಗಣ್ಣು, ಹೊಟ್ಟೆ ನುಲಿತ. ಸೌಮ್ಯವಾಗಿದ್ದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗುವಷ್ಟೇ ತೊಂದರೆ.

ಅಮೆರಿಕದ ಹೋಪ್‌ವೆಲ್‌ನಲ್ಲಿ ಹಳೆಯ ಪೆಟ್ರೋಲ್ ಬಂಕ್ ಕಟ್ಟಡವೊಂದರಲ್ಲಿ ಕೆಪೋನ್ ಎಂಬ ಬೇರೆ ಬಗೆಯ ಕೀಟನಾಶಕ ತಯಾರಾಗುತ್ತಿತ್ತು, ದೊಡ್ಡ ಕಂಪನಿಯೊಂದರ ಗುತ್ತಿಗೆಗೆ. ಕೈನಡುಕವೆಂದು ಬಂದ ಕಾರ್ಮಿಕನ ರಕ್ತವನ್ನು 1975ರಲ್ಲಿ ವೈದ್ಯರೊಬ್ಬರು ಪರೀಕ್ಷೆಗೆ ಕಳಿಸಿದ ಮೇಲೆ ಘಟಕ ಮುಚ್ಚಿತು. ಕಾರ್ಮಿಕರ ಮನೆಯವರ ರಕ್ತದಲ್ಲೂ ಕೆಪೋನ್ ಸಿಕ್ಕಿತು. ಪುಡಿ ಮೆತ್ತಿದ ಅಂಗಿಯನ್ನು ಮನೆಯಲ್ಲೇ ಒಗೆಯುತ್ತಿದ್ದರಲ್ಲ! ಮರುವರ್ಷ ಆ ದೊಡ್ಡ ಕಂಪನಿಗೆ 1.3 ಕೋಟಿ ಡಾಲರಿಗೂ ಮಿಕ್ಕಿ ದಂಡ ಬಿತ್ತು, ಅದೂ ನದಿ ಕೆಡಿಸಿದ್ದಕ್ಕೆ.

ನಮ್ಮಲ್ಲಿ ನಿಯಮಕ್ಕೇನೂ ಬರವಿಲ್ಲ. 1971ರ ಕೀಟನಾಶಕ ನಿಯಮಗಳು ಕೆಲಸಕ್ಕೆ ಸೇರುವ ಮುನ್ನ, ಆಮೇಲೆ ಮೂರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಆಗಲೇಬೇಕೆನ್ನುತ್ತವೆ. ರಂಜಕಯುಕ್ತ ಔಷಧಿ ಮುಟ್ಟುವವರಿಗೆ ಪ್ರತಿ ತಿಂಗಳು ಕೋಲಿನೆಸ್ಟರೇಸ್ ಪರೀಕ್ಷೆ. ಈ ಕಿಣ್ವದ ಮಟ್ಟ ಒಬ್ಬೊಬ್ಬರಿಗೆ ಒಂದೊಂದು. ಮೊದಲ ದಿನದ ಅಂಕಿ ಕೈಯಲ್ಲಿಲ್ಲದಿದ್ದರೆ ಎಷ್ಟು ಕುಸಿದಿದೆ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಗುತ್ತಿಗೆ ಹುಡುಗರು ಈ ತಿಂಗಳು ಒಂದು ಶೆಡ್ಡು, ಮುಂದಿನ ತಿಂಗಳು ಇನ್ನೊಂದು ಎಂದು ಅಲೆಯುವಾಗ ತಪ್ಪಿಹೋಗುವುದು ಇದೇ ಅಂಕಿ. ಅದು ಕಂಪನಿಯ ಬೀರುವಿನಲ್ಲಿ ಉಳಿಯದೆ, ಪಿಎಫ್ ನಂಬರಿನಂತೆ ಕೆಲಸಗಾರರ ಜೊತೆಗೇ ಹೋಗಬೇಕು.